ಎದುರಿಗೊಬ್ಬರಿಲ್ಲದ ಆತ್ಮಾವಲೋಕನ

ದಿನಕ್ಕೆ ಹತ್ತು ನಿಮಿಷ ಒಬ್ಬರೇ ಕೂತು ತಮ್ಮೊಳಗನ್ನು ತಾವು ನೋಡಿಕೊಂಡರೆ ಮನುಷ್ಯರು ಬೆಳೆಯುತ್ತಾರೆ ಎಂಬ ಮಾತಿಗೆ ಈಗ ಎದುರಾಡುವವರೇ ಇಲ್ಲ. ಶಾಲೆಯ ವಾರ್ಷಿಕೋತ್ಸವದ ಭಾಷಣದಲ್ಲಿ ಅದು ಬರುತ್ತದೆ, ಕಂಪನಿಗಳ ತರಬೇತಿ ಶಿಬಿರದಲ್ಲಿ ಬರುತ್ತದೆ, ಬೆಳಗಾದರೆ ವಾಟ್ಸ್ಆ್ಯಪ್ಪಿನಲ್ಲಿ ಹೂವಿನ ಚಿತ್ರದ ಮೇಲೆ ಬಂದು ಕೂರುತ್ತದೆ. ಚುನಾವಣೆ ಸೋತ ಪಕ್ಷದವರಂತೂ ಪತ್ರಿಕಾಗೋಷ್ಠಿ ಕರೆದು ‘ಆತ್ಮಾವಲೋಕನ ಮಾಡಿಕೊಳ್ಳುತ್ತೇವೆ’ ಎನ್ನದೆ ಎದ್ದದ್ದೇ ಇಲ್ಲ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದರೊಳಗೆ ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಅವನ್ನು ಬಿಡಿಸಿ ನೋಡಿದರೆ ಬೆಳವಣಿಗೆಗೆ ಕಾರಣವಾಗುವುದು ಯಾವುದೋ, ಹೊಗಳಿಕೆ ಪಡೆಯುತ್ತಿರುವುದು ಇನ್ಯಾವುದೋ ಎಂಬುದು ಗೊತ್ತಾಗುತ್ತದೆ. ಹೀಗೆ ಬಿಡಿಸುವುದಕ್ಕೆ ಹಾಸನ ಜಿಲ್ಲೆಯಷ್ಟು ಅನುಕೂಲವಾದ ಜಾಗ ನನಗೆ ಬೇರೆ ತೋಚುವುದಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ, ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ಈ ಮೂರೂ ಮನುಷ್ಯ ತನ್ನನ್ನು ತಿದ್ದಿಕೊಳ್ಳುವುದು ಹೇಗೆಂದು ಬಹುಕಾಲ ಯೋಚಿಸಿದ ತಾಣಗಳು. ಮೂರರ ಉತ್ತರವೂ ಇಂದಿನ ಸುಭಾಷಿತಕ್ಕೆ ಹೊಂದುವುದಿಲ್ಲ.

ಮೊದಲು ಈ ನಂಬಿಕೆಯ ಪರವಾಗಿ ಏನು ಹೇಳಬಹುದೋ ಅದನ್ನು ಸರಿಯಾಗಿಯೇ ಹೇಳಿಬಿಡೋಣ. ಅನುಭವ ತನ್ನಷ್ಟಕ್ಕೆ ತಾನೇ ಏನನ್ನೂ ಕಲಿಸುವುದಿಲ್ಲ. ಮೂವತ್ತು ವರ್ಷ ಒಂದೇ ಕೆಲಸ ಮಾಡಿ, ಮೊದಲ ವರ್ಷ ಕಲಿತದ್ದರ ಮೇಲೆ ಒಂದಕ್ಷರ ಕಲಿಯದೆ ನಿವೃತ್ತರಾದವರನ್ನು ಎಲ್ಲ ಕಚೇರಿಗಳಲ್ಲೂ ನೋಡಿದ್ದೇವೆ. ನಡೆದದ್ದನ್ನು ನಿಂತು ತಿರುಗಿ ನೋಡಿದವನಿಗೆ ಮಾತ್ರ ಅದು ಪಾಠವಾಗುತ್ತದೆ. ಬೆಂಜಮಿನ್ ಫ್ರಾಂಕ್ಲಿನ್ ಹದಿಮೂರು ಗುಣಗಳ ಪಟ್ಟಿ ಬರೆದುಕೊಂಡು, ವಾರಕ್ಕೊಂದು ಗುಣದ ಮೇಲೆ ನಿಗಾ ಇಟ್ಟು, ತಪ್ಪಿದ ದಿನ ಪುಸ್ತಕದಲ್ಲಿ ಕಪ್ಪು ಚುಕ್ಕೆ ಹಾಕುತ್ತಿದ್ದನೆಂಬುದನ್ನು ಅವನ ಆತ್ಮಕಥೆ ಓದಿದವರೆಲ್ಲ ಬಲ್ಲರು. ಬೆಂಗಳೂರಿನ ವಿಪ್ರೊ ಕಂಪನಿಯಲ್ಲಿ ಹೊಸಬರಿಗೆ ತರಬೇತಿ ಕೊಡುವಾಗ, ಕೆಲವರಿಗೆ ದಿನದ ಕೊನೆಯ 15 ನಿಮಿಷ ಅಂದು ಕಲಿತದ್ದನ್ನು ಕುರಿತು ಬರೆಯಲು ಹೇಳಿದರು. ಕೊನೆಯ ಪರೀಕ್ಷೆಯಲ್ಲಿ ಅವರು ಉಳಿದವರಿಗಿಂತ ಸುಮಾರು ಶೇ. 23ರಷ್ಟು ಮೇಲುಗೈ ಸಾಧಿಸಿದರು ಎಂದು 2014ರಲ್ಲಿ ಹೊರಬಂದ ಒಂದು ಅಧ್ಯಯನ ಹೇಳಿತು. ಅದನ್ನು ಬರೆದವರಲ್ಲೊಬ್ಬರ ಬೇರೆ ಸಂಶೋಧನೆಗಳ ದತ್ತಾಂಶದ ಬಗ್ಗೆ ಆಮೇಲೆ ಗಂಭೀರ ಆಕ್ಷೇಪಗಳು ಬಂದಿರುವುದರಿಂದ ನಾನು ಆ ಅಂಕಿಯ ಮೇಲೆ ಹೆಚ್ಚು ಭಾರ ಹಾಕಲಾರೆ. ಆದರೂ ಅಂಥ ಫಲಿತಾಂಶ ಬರುವುದು ಅಸಂಭವವೇನಲ್ಲ.

ಇಷ್ಟನ್ನು ಒಪ್ಪಿದ ಮೇಲೂ, ‘ದಿನವೂ ನಿನ್ನೊಳಗೆ ನೋಡಿಕೊ, ಬೆಳೆಯುತ್ತೀ’ ಎಂಬ ಒಂದು ಸಾಲಿನಲ್ಲಿ ಮೂರು ಪ್ರತ್ಯೇಕ ಹೇಳಿಕೆಗಳು ಅಡಗಿರುವುದನ್ನು ಗಮನಿಸಬೇಕು.

1. ನನ್ನ ನಡತೆಯ ಕಾರಣಗಳು ನನ್ನೊಳಗೇ ಇವೆ. ನೋಡಿದರೆ ಅವು ನನಗೆ ಕಾಣುತ್ತವೆ.

2. ಕಂಡ ಮೇಲೆ ನಾನು ಬದಲಾಗುತ್ತೇನೆ.

3. ಹೆಚ್ಚು ಸಲ ನೋಡಿದಷ್ಟೂ ಹೆಚ್ಚು ಬದಲಾಗುತ್ತೇನೆ.

ವಿಪ್ರೊ ತರಬೇತಿಯ ಉದಾಹರಣೆ ಈ ಮೂರರಲ್ಲಿ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಅಲ್ಲಿನವರು ಬರೆದದ್ದು ತಾವು ಎಂಥವರು ಎಂದಲ್ಲ, ಅಂದಿನ ಪಾಠ ಏನು ಎಂದು. ಆ ಪಾಠವನ್ನು ಬೇರೆಯವರು ಸಿದ್ಧಪಡಿಸಿದ್ದರು. ಬರೆದದ್ದು ಸರಿಯೋ ತಪ್ಪೋ ಎಂದು ತೋರಿಸುವುದಕ್ಕೆ ಕೊನೆಯಲ್ಲಿ ಬೇರೆಯವರೇ ಇಟ್ಟ ಪರೀಕ್ಷೆ ಇತ್ತು. ಪಾಠವನ್ನೂ ಪರೀಕ್ಷೆಯನ್ನೂ ತೆಗೆದುಹಾಕಿ ಬರೀ 15 ನಿಮಿಷವನ್ನು ಉಳಿಸಿಕೊಂಡು ‘ನೋಡಿ, ಚಿಂತನೆಯ ಮಹಿಮೆ’ ಎನ್ನುವುದು ತರ್ಕವಲ್ಲ.

ಮೊದಲ ಹೇಳಿಕೆಯೇ ಎಲ್ಲಕ್ಕಿಂತ ದುರ್ಬಲವಾದದ್ದು. ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಸಣ್ಣ ಪ್ರಯೋಗವಿದೆ. ಅಂಗಡಿಯೊಂದರ ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಯಾವುದು ಚೆನ್ನಾಗಿದೆಯೆಂದು ಗಿರಾಕಿಗಳನ್ನು ಕೇಳಿದರು. ನಾಲ್ಕೂ ಒಂದೇ ತರಹದವು; ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಆದರೂ ಎಡತುದಿಯದನ್ನು ಆರಿಸಿದವರು ಶೇ. 12 ಮಂದಿಯಾದರೆ ಬಲತುದಿಯದನ್ನು ಆರಿಸಿದವರು ಶೇ. 40 ಮಂದಿ. ಏಕೆ ಆರಿಸಿದಿರಿ ಎಂದು ಕೇಳಿದರೆ ನೇಯ್ಗೆ, ನುಣುಪು ಎಂದು ಕಾರಣ ಕೊಟ್ಟರೇ ಹೊರತು, ಬಲಗಡೆ ಇತ್ತು ಎಂದು ಒಬ್ಬರೂ ಹೇಳಲಿಲ್ಲ. ಇಟ್ಟ ಜಾಗ ನಿಮ್ಮ ಮೇಲೆ ಪರಿಣಾಮ ಬೀರಿರಬಹುದೇ ಎಂದು ನೇರವಾಗಿ ಕೇಳಿದಾಗ, ಕೇಳಿದವನಿಗೇ ತಲೆ ಕೆಟ್ಟಿರಬೇಕು ಎಂಬಂತೆ ನೋಡಿದರಂತೆ. ಆ ಗಿರಾಕಿಗಳು ಸುಳ್ಳು ಹೇಳುತ್ತಿರಲಿಲ್ಲ. ಕಾರಣ ಕೇಳಿದ ಕೂಡಲೇ ಮನಸ್ಸು ಒಂದನ್ನು ಕಟ್ಟಿ ಕೊಡುತ್ತದೆ, ಕಟ್ಟಿದ್ದನ್ನೇ ಕಂಡದ್ದೆಂದು ನಂಬುತ್ತದೆ. ಕಾಲುಚೀಲದ ವಿಷಯದಲ್ಲೇ ಹೀಗಾದರೆ, ತಮ್ಮನ ಜೊತೆ ಮಾತು ಬಿಟ್ಟದ್ದೇಕೆ, ಸಹೋದ್ಯೋಗಿಯ ಬಡ್ತಿ ನನಗೇಕೆ ಚುಚ್ಚಿತು ಎಂಬಂಥ, ನಮ್ಮ ಮಾನ ಒತ್ತೆಯಿರುವ ಪ್ರಶ್ನೆಗಳಿಗೆ ಏಕಾಂತದಲ್ಲಿ ಸಿಗುವ ಉತ್ತರವನ್ನು ಎಷ್ಟು ನಂಬಬಹುದು? ಏಕಾಂತದಲ್ಲಿ ಪ್ರಶ್ನೆ ಕೇಳುವವನೂ ನಾನೇ, ಸಾಕ್ಷಿ ಹೇಳುವವನೂ ನಾನೇ, ತೀರ್ಪು ಕೊಡುವವನೂ ನಾನೇ.

ಎರಡನೆಯ ಮತ್ತು ಮೂರನೆಯ ಹೇಳಿಕೆಗಳ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಸಿಟ್ಟು ಕೆಟ್ಟದ್ದೆಂದು ಸಿಟ್ಟಿನವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿದ್ದೂ ಮಾಡುವುದೇ ಮನುಷ್ಯನ ಹಳೆಯ ಕಷ್ಟ. ಇನ್ನು ಹೆಚ್ಚು ಸಲ ನೋಡಿಕೊಂಡರೆ ಹೆಚ್ಚು ಒಳ್ಳೆಯದು ಎಂಬುದು ಅನುಭವಕ್ಕೆ ವಿರುದ್ಧವಾದ ಮಾತು. ಆದದ್ದನ್ನೇ ಮತ್ತೆ ಮತ್ತೆ ಮೆಲುಕು ಹಾಕುವುದು ಖಿನ್ನತೆಯನ್ನು ಹೆಚ್ಚಿಸಿ ದೀರ್ಘವಾಗಿಸುತ್ತದೆ ಎಂಬುದನ್ನು ಸೂಸನ್ ನೋಲನ್-ಹೂಕ್ಸೆಮಾ ಅವರು ವರ್ಷಗಟ್ಟಲೆಯ ಅಧ್ಯಯನದಿಂದ ತೋರಿಸಿದ್ದಾರೆ. ನಮ್ಮ ಕಡೆ ಅಜ್ಜಿಯರು ಇದಕ್ಕೆ ‘ಕೊರಗು ಹಚ್ಚಿಕೊಂಡಿದ್ದಾನೆ’ ಎನ್ನುತ್ತಿದ್ದರು. ಅದನ್ನು ಸಾಧನೆ ಎಂದು ಅವರು ಯಾವತ್ತೂ ತಪ್ಪು ತಿಳಿಯಲಿಲ್ಲ. ಕೊರಗುವವನಿಗೂ ಆತ್ಮಾವಲೋಕನ ಮಾಡಿಕೊಳ್ಳುವವನಿಗೂ ಹೊರನೋಟಕ್ಕೆ ವ್ಯತ್ಯಾಸವಿಲ್ಲ. ಇಬ್ಬರೂ ಒಬ್ಬರೇ ಕೂತಿರುತ್ತಾರೆ, ಇಬ್ಬರೂ ತಮ್ಮ ಬಗ್ಗೆಯೇ ಯೋಚಿಸುತ್ತಿರುತ್ತಾರೆ, ಇಬ್ಬರದೂ ದಿನನಿತ್ಯದ ಅಭ್ಯಾಸ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಇಲ್ಲಿ ಶ್ರವಣಬೆಳಗೊಳಕ್ಕೆ ಬರಬೇಕು. ಜೈನ ಮುನಿಗಳಿಗೆ ವಿಧಿಸಿದ ಆರು ಆವಶ್ಯಕಗಳಲ್ಲಿ ಪ್ರತಿಕ್ರಮಣ ಒಂದು. ತಪ್ಪಿದ ದಾರಿಯಿಂದ ಹಿಂದಿರುಗುವ ಈ ಕ್ರಮವನ್ನು ದಿಗಂಬರ ಪರಂಪರೆ ಏಳು ಬಗೆಯಾಗಿ ವಿಂಗಡಿಸಿದೆ: ಹಗಲಿನದು, ರಾತ್ರಿಯದು, ನಡೆದಾಡಿದ ದೋಷಕ್ಕೆ ಮಾಡುವುದು, ಪಕ್ಷಕ್ಕೊಮ್ಮೆಯದು, ನಾಲ್ಕು ತಿಂಗಳಿಗೊಮ್ಮೆಯದು, ವರ್ಷಕ್ಕೊಮ್ಮೆಯದು, ಸಾವಿನ ಹೊತ್ತಿನದು. ನಿಯತವಾದ ಆತ್ಮಪರೀಕ್ಷೆಗೆ ಇದಕ್ಕಿಂತ ಕಟ್ಟುನಿಟ್ಟಾದ ಪದ್ಧತಿ ಬೇರೆಲ್ಲಿ ಇದೆಯೋ ನಾನರಿಯೆ. ಆದರೆ ಅದರ ಒಳರಚನೆಯನ್ನು ನೋಡಿ. ಮುನಿ ಸುಮ್ಮನೆ ಕೂತು ‘ನಾನು ಹೇಗಿದ್ದೇನೆ’ ಎಂದು ಕೇಳಿಕೊಳ್ಳುವುದಿಲ್ಲ. ಅವನೆದುರು ಒಂದು ಪಟ್ಟಿ ಇರುತ್ತದೆ: ಐದು ವ್ರತಗಳು, ನಡೆಯುವಾಗ, ಮಾತಾಡುವಾಗ, ವಸ್ತುವನ್ನು ಎತ್ತಿ ಇಡುವಾಗ ವಹಿಸಬೇಕಾದ ಎಚ್ಚರಗಳು. ನಡೆಯುವಾಗ ಕಾಲಡಿ ನೋಡಿದೆನೇ, ಕಮಂಡಲು ಇಡುವ ಮೊದಲು ನೆಲವನ್ನು ಪಿಂಛಿಯಿಂದ ಸವರಿದೆನೇ ಎಂಬ ಪ್ರಶ್ನೆಗಳು ಅವು. ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದವು. ಮನಸ್ಸು ಕಥೆ ಕಟ್ಟುವುದಕ್ಕೆ ಅವಕಾಶ ಕಡಿಮೆ. ಎರಡನೆಯದಾಗಿ, ಕಂಡ ದೋಷವನ್ನು ಗುರುವಿನ ಎದುರು ಬಾಯಿಬಿಟ್ಟು ಹೇಳಬೇಕು, ಜೈನರ ಪರಿಭಾಷೆಯಲ್ಲಿ ಇದಕ್ಕೇ ಆಲೋಚನೆ ಎಂದು ಹೆಸರು. ಮೂರನೆಯದಾಗಿ ಪ್ರಾಯಶ್ಚಿತ್ತ: ಉಪವಾಸವೋ, ಇಷ್ಟು ಉಸಿರಿನಷ್ಟು ಹೊತ್ತು ಎಂದು ಲೆಕ್ಕವಿಟ್ಟ ಕಾಯೋತ್ಸರ್ಗವೋ. ಎಂದರೆ ಹೊರಗಿನ ಅಳತೆ, ಹೊರಗಿನ ಕಿವಿ, ಮೈಯಿಂದ ತೀರಿಸುವ ಬೆಲೆ. ಈ ಮೂರನ್ನೂ ಕಳಚಿ ನಿಯತತೆಯೊಂದನ್ನೇ ಉಳಿಸಿಕೊಂಡರೆ ಸಿಗುವುದು ಇಂದಿನ ಹತ್ತು ನಿಮಿಷದ ಉಪದೇಶ.

ಎಳೆಯರಿಗೆ ಗುರು ಬೇಕು, ಬಲಿತವರಿಗೆ ಬೇಡ ಎನ್ನಬಹುದು. ಅದಕ್ಕೂ ಆ ಪರಂಪರೆಯಲ್ಲಿ ಉತ್ತರವಿದೆ. ಕನ್ನಡದ ಹಳೆಯ ಗದ್ಯಕೃತಿ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಮೂಲಾಧಾರವಾದ ಶಿವಾರ್ಯನ ಭಗವತೀ ಆರಾಧನೆಯು, ಮೂವತ್ತಾರು ಗುಣಗಳಿರುವ ಆಚಾರ್ಯನಾದರೂ ಇನ್ನೊಬ್ಬರ ಸಾಕ್ಷಿಯಲ್ಲೇ ಶುದ್ಧನಾಗಬೇಕು ಎಂದು ವಿಧಿಸುತ್ತದೆ. ನಿಪುಣ ವೈದ್ಯನೂ ತನ್ನ ರೋಗವನ್ನು ಇನ್ನೊಬ್ಬ ವೈದ್ಯನಿಗೆ ಹೇಳುವಂತೆ ಎಂಬುದು ಅದು ಕೊಡುವ ಹೋಲಿಕೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿನ ಹಳೆಯ ನಿಷಿಧಿ ಶಾಸನಗಳನ್ನೂ ಇದೇ ಕಣ್ಣಿನಿಂದ ಓದಬಹುದು. ಅವು ನೆನೆಯುವ ಸಲ್ಲೇಖನಕ್ಕಿಂತ, ಆಹಾರ ಬಿಟ್ಟು ಸಾವನ್ನು ಎದುರುಗೊಳ್ಳುವ ವ್ರತಕ್ಕಿಂತ, ಒಂಟಿಯಾದ ಕ್ರಿಯೆ ಇನ್ನಾವುದಿದೆ? ಆದರೆ ಅದೂ ಗುರುವಿನ ಅನುಮತಿ ಪಡೆದು, ಸಂಘದ ನಡುವೆ ನಡೆದು, ಕೊನೆಗೆ ಕಲ್ಲಿನ ಮೇಲೆ ಬೇರೆಯವರ ಕೈಯಿಂದ ದಾಖಲಾಗುತ್ತಿತ್ತು.

ಇಲ್ಲಿ ಬಲವಾದ ಆಕ್ಷೇಪವೊಂದು ಎದುರಿನ ದೊಡ್ಡಬೆಟ್ಟದ ಮೇಲೆಯೇ ನಿಂತಿದೆ. ಗಂಗರ ಮಂತ್ರಿ ಚಾವುಂಡರಾಯ ಸುಮಾರು 981ರಲ್ಲಿ ನಿಲ್ಲಿಸಿದ ಗೊಮ್ಮಟ ಏಕಾಂಗಿ ಆತ್ಮಶೋಧನೆಯ ಮೂರ್ತಿಯಲ್ಲವೇ? ಕಾಲ ಬಳಿ ಹುತ್ತ, ಹುತ್ತದಿಂದ ತಲೆಯೆತ್ತಿದ ಹಾವು, ತೊಡೆಯನ್ನು ಬಳಸಿ ತೋಳಿನ ತನಕ ಹಬ್ಬಿದ ಮಾಧವೀಲತೆ. ಇಷ್ಟಾದರೂ ಅಲುಗದ ಮೈ. ಯಾವ ಗುರುವೂ ಎದುರಿಗಿಲ್ಲ, ಯಾವ ಪಟ್ಟಿಯೂ ಇಲ್ಲ. ಆದರೆ ಕಥೆಯನ್ನು ಕೊನೆಯವರೆಗೆ ಕೇಳಿದರೆ ಅದು ನನ್ನ ವಾದಕ್ಕೇ ಒದಗಿ ಬರುತ್ತದೆ. ಒಂದು ವರ್ಷ ಹಾಗೆ ನಿಂತರೂ ಬಾಹುಬಲಿಗೆ ಕೇವಲಜ್ಞಾನ ಆಗಲಿಲ್ಲ. ಅಣ್ಣ ಭರತನ ನೆಲದ ಮೇಲೆ ನಿಂತಿದ್ದೇನಲ್ಲಾ ಎಂಬ ಸಣ್ಣ ಮುಳ್ಳೊಂದು ಒಳಗೆ ಉಳಿದಿತ್ತು ಎಂದು ನಮ್ಮಲ್ಲಿ ಹೇಳುತ್ತಾರೆ. ಅಣ್ಣನಿಗೆ ತನ್ನಿಂದ ನೋವಾಯಿತೆಂಬ ಅಳಲು ಎಂದು ಜಿನಸೇನನ ಸಂಸ್ಕೃತ ಪುರಾಣ ಹೇಳುತ್ತದೆ. ಅದನ್ನು ಕಳೆದದ್ದು ಇನ್ನೊಂದು ವರ್ಷದ ತಪಸ್ಸಲ್ಲ, ಭರತನೇ ಬಂದು ಪೂಜಿಸಿದ್ದು. ಶ್ವೇತಾಂಬರರ ಕಥೆಯಲ್ಲಂತೂ ಸೋದರಿಯರಾದ ಬ್ರಾಹ್ಮಿ ಮತ್ತು ಸುಂದರಿ ಬಂದು, ಆನೆಯ ಮೇಲಿಂದ ಇಳಿ ಎಂದು ಹೇಳಬೇಕಾಯಿತು. ತಾನು ಅಹಂಕಾರವೆಂಬ ಆನೆಯನ್ನೇರಿ ಕೂತಿರುವುದು ಅಲ್ಲಿಯವರೆಗೆ ಅವನಿಗೆ ಹೊಳೆದಿರಲಿಲ್ಲ. ಪಂಥ ಬೇರೆಯಾದರೂ ಕಥೆಯ ತಿರುವು ಒಂದೇ. ಫ್ರಾಂಕ್ಲಿನ್ನನ ಪುಸ್ತಕಕ್ಕೂ ಇದೇ ಆಯಿತು. ಅವನ ಪಟ್ಟಿಯಲ್ಲಿ ಮೊದಲಿಗೆ ಇದ್ದವು ಹನ್ನೆರಡೇ ಗುಣಗಳು. ನಿನ್ನನ್ನು ಜನ ಜಂಬದವನೆಂದು ತಿಳಿದಿದ್ದಾರೆ ಎಂದು ಕ್ವೇಕರ್ ಪಂಥದ ಗೆಳೆಯನೊಬ್ಬ ಉದಾಹರಣೆ ಸಮೇತ ಹೇಳಿದ ಮೇಲೆ ಹದಿಮೂರನೆಯದಾಗಿ ವಿನಯ ಸೇರಿತು. ಚುಕ್ಕೆ ಹಾಕುವ ಶಿಸ್ತಿನಲ್ಲಿ ಕೊರತೆ ಇರಲಿಲ್ಲ, ಆದರೆ ಇಲ್ಲದ ಅಂಕಣದಲ್ಲಿ ಚುಕ್ಕೆ ಹಾಕುವುದು ಹೇಗೆ?

ಧರ್ಮದ ಮಾತು ಸಾಕೆನ್ನುವವರು ರುದ್ರಪಟ್ಟಣಕ್ಕೆ ಬರಬಹುದು. ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ಈ ಸಣ್ಣ ಊರಿನಿಂದ ತಲೆಮಾರುಗಳ ಕಾಲ ಸಂಗೀತಗಾರರು ಬಂದರು; 1920ರಲ್ಲಿ ಹುಟ್ಟಿ ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡುತ್ತಿದ್ದ ಆರ್.ಕೆ. ಶ್ರೀಕಂಠನ್ ಅವರಲ್ಲಿ ಒಬ್ಬರು. ಊರಿಗೆ ಹೋದವರು ಆರ್.ಕೆ. ಪದ್ಮನಾಭ ಅವರು ತಂಬೂರಿಯ ಆಕಾರದಲ್ಲಿ ಕಟ್ಟಿಸಿದ ಮಂದಿರವನ್ನು ನೋಡಿರುತ್ತಾರೆ. ಕಟ್ಟಡಕ್ಕೆ ತಂಬೂರಿಯನ್ನೇ ಆರಿಸಿದ್ದು ನನಗೆ ತುಂಬ ಅರ್ಥಪೂರ್ಣವಾಗಿ ಕಾಣುತ್ತದೆ. ಹಾಡುವವನಿಗೆ ತನ್ನ ದನಿ ಗಾಳಿಯ ಮೂಲಕ ಅಷ್ಟೇ ಕೇಳಿಸುವುದಿಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ಕೇಳಿಸುತ್ತದೆ. ಆದ್ದರಿಂದಲೇ ಮೊಬೈಲಿನಲ್ಲಿ ಮುದ್ರಿಸಿದ ತಮ್ಮ ದನಿಯನ್ನು ಮೊದಲ ಸಲ ಕೇಳಿದವರು ಇದು ನನ್ನದಲ್ಲ ಎನ್ನುತ್ತಾರೆ. ಎಷ್ಟೇ ಗಮನವಿಟ್ಟು ಕೇಳಿಕೊಂಡರೂ, ತನ್ನ ದನಿ ಹೊರಗಿನವರಿಗೆ ಕೇಳಿಸುವಂತೆ ಹಾಡುವವನಿಗೆ ಕೇಳಿಸದು. ಪ್ರಾಮಾಣಿಕತೆಯಿಂದ ಸರಿಹೋಗುವ ದೋಷವಲ್ಲ ಇದು; ಮೈಯ ರಚನೆಯೇ ಹಾಗಿದೆ. ಅದಕ್ಕಾಗಿ ಹಿಂದೆ ತಂಬೂರಿ, ಎದುರಿಗೆ ಗುರು. ಶ್ರುತಿ ಒಂದು ಕೂದಲೆಳೆ ಇಳಿದರೂ ಪಾಠ ನಿಲ್ಲುತ್ತದೆ, ಅದೇ ಸಂಗತಿ ಮತ್ತೆ ಹಾಡಬೇಕು. ಗುರುವಿಲ್ಲದೆ ಹತ್ತು ವರ್ಷ ದಿನವೂ ಸಾಧಕ ಮಾಡಿದವನ ಅಪಶ್ರುತಿ ಹತ್ತು ವರ್ಷದಷ್ಟು ಗಟ್ಟಿಯಾಗಿರುತ್ತದೆ.

ಇನ್ನು ಎಲ್ಲಕ್ಕಿಂತ ಕಷ್ಟದ ಆಕ್ಷೇಪ. ಹೊರಗಿನ ಅಳತೆಯೇ ಡೊಂಕಾಗಿದ್ದರೆ? ಸಮಾಜದ, ಗುರುವಿನ, ಮನೆ ಹಿರಿಯರ ಅಳತೆಗೆ ತನ್ನನ್ನು ಒಪ್ಪಿಸಿಕೊಳ್ಳುತ್ತ ಹೋದರೆ ಆಗುವುದು ಬೆಳವಣಿಗೆಯೋ, ವಿಧೇಯತೆಯೋ? ಸೊಸೆಗೆ ಅತ್ತೆಯ ಅಳತೆ, ಆಳಿಗೆ ಗೌಡನ ಅಳತೆ ಎಂದರೆ ಅದು ಹಳೆಯ ದಬ್ಬಾಳಿಕೆಯೇ. ಇದನ್ನು ತಳ್ಳಿಹಾಕಲಾಗದು. ಆದರೆ ‘ಆದ್ದರಿಂದ ನಿನ್ನ ಮನಸ್ಸನ್ನೇ ನಂಬು’ ಎಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ, ಏಕೆಂದರೆ ಅತ್ತೆಯ ಅಳತೆ ಸೊಸೆಯ ಮನಸ್ಸಿನೊಳಗೇ ಆಗಲೇ ಬಂದು ಕೂತಿರುತ್ತದೆ. ಏಕಾಂತದಲ್ಲಿ ಅವಳು ಕೇಳುವ ದನಿ ಬಹುಪಾಲು ಅದೇ. ಅಳತೆಯನ್ನು ಪರೀಕ್ಷಿಸುವುದಕ್ಕೂ ಇನ್ನೊಂದು ಅಳತೆ ಬೇಕು. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳ (1880–1975) ಬೌದ್ಧಿಕ ಜೀವನ ಇದಕ್ಕೆ ಒಳ್ಳೆಯ ನಿದರ್ಶನ. ವೃತ್ತಿಯಿಂದ ಉಪಾಧ್ಯಾಯರಾಗಿದ್ದ ಅವರು 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಆರಂಭಿಸಿದರು, 1929ರಲ್ಲಿ ಮೂಲಾವಿದ್ಯಾನಿರಾಸ ಬರೆದರು, 1948ರಲ್ಲಿ ಸಂನ್ಯಾಸಿಯಾದರು. ಶಂಕರರ ನಂತರದ ವ್ಯಾಖ್ಯಾನಕಾರರು ಅವಿದ್ಯೆಯನ್ನು ಜಗತ್ತಿಗೆ ಉಪಾದಾನವಾದ ಒಂದು ಪದಾರ್ಥವೆಂಬಂತೆ ಮಾಡಿದ್ದು ಶಂಕರರ ಮತವಲ್ಲ, ಭಾಷ್ಯದಲ್ಲಿ ಅವಿದ್ಯೆ ಎಂದರೆ ಅಧ್ಯಾಸವೇ, ಒಂದನ್ನು ಇನ್ನೊಂದೆಂದು ತಿಳಿಯುವ ತಪ್ಪೇ, ಎಂದು ಶತಮಾನಗಳ ಪಾಂಡಿತ್ಯದ ಎದುರು ನಿಂತರು. ಆದರೆ ‘ನನಗೆ ಹಾಗನ್ನಿಸುತ್ತದೆ’ ಎಂದು ನಿಲ್ಲಲಿಲ್ಲ. ಒಂದು ಕಡೆ ಶಂಕರರ ಭಾಷ್ಯದ ಮೂಲಪಾಠ, ಇನ್ನೊಂದು ಕಡೆ ಎಚ್ಚರ, ಕನಸು, ನಿದ್ದೆಗಳ ಬಗ್ಗೆ ಎಲ್ಲರಿಗೂ ಸಮಾನವಾದ ಅನುಭವ. ಈ ಎರಡನ್ನು ಒರೆಗಲ್ಲು ಮಾಡಿಕೊಂಡರು. ಯಾರು ಬೇಕಾದರೂ ಪುಟ ತೆರೆದು, ತಮ್ಮ ನಿದ್ದೆಯನ್ನು ನೆನೆದು, ಅವರು ತಪ್ಪೆಂದು ತೋರಿಸಬಹುದಾಗಿತ್ತು. ವಿದ್ವಾಂಸರು ತೋರಿಸಲು ಹೊರಟೂ ಇದ್ದರು. ಇನ್ನೂ ಒಂದು ಮಾತು. ವೇದಾಂತದಲ್ಲಿ ನಿದಿಧ್ಯಾಸನ ಬರುವುದು ಶ್ರವಣ, ಮನನಗಳ ಜೊತೆಯಲ್ಲಿ, ಶ್ರವಣ ಮೊದಲು. ಒಳಗೆ ನೋಡುವ ಮುಂಚೆ ಇನ್ನೊಬ್ಬರ ಮಾತಿಗೆ ಕಿವಿಗೊಡಬೇಕು.

ಹಾಗಾದರೆ ನಿಯತತೆ ವ್ಯರ್ಥವೇ? ಖಂಡಿತ ಅಲ್ಲ. ಆದರೆ ಅದರ ಉಪಯೋಗ ಜನ ಹೇಳುವಂಥದ್ದಲ್ಲ. ದಿನವೂ ನೋಡುವುದರಿಂದ ಆಳ ಹೆಚ್ಚುತ್ತದೆಂಬ ಭರವಸೆ ಇಲ್ಲ. ನೆನಪು ತನ್ನನ್ನು ತಾನು ತಿದ್ದಿಕೊಳ್ಳುವ ಮೊದಲೇ ಅದನ್ನು ಹಿಡಿಯಬಹುದು, ಅಷ್ಟೆ. ನಿನ್ನೆ ಯಾರ ಮೇಲೆ ಏನೆಂದು ಕೂಗಾಡಿದೆ ಎಂಬುದು ಇವತ್ತು ಶಬ್ದಶಃ ನೆನಪಿರುತ್ತದೆ. ತಿಂಗಳು ಕಳೆದರೆ ‘ಸ್ವಲ್ಪ ಗಟ್ಟಿಯಾಗಿ ಹೇಳಿದೆ’ ಎಂದಾಗುತ್ತದೆ, ವರ್ಷ ಕಳೆದರೆ ಅವರೇ ಕೂಗಾಡಿದರು ಎಂದಾದರೂ ಆಶ್ಚರ್ಯವಿಲ್ಲ. ಹಗಲಿನ ದೋಷಕ್ಕೆ ಸಂಜೆಯೇ ಪ್ರತಿಕ್ರಮಣ ಇಟ್ಟವರಿಗೆ ಈ ಸೂಕ್ಷ್ಮ ತಿಳಿದಿತ್ತು ಎಂದುಕೊಳ್ಳುತ್ತೇನೆ. ಗುರುವಾಗಲಿ, ಕೇಳಿಸಿಕೊಳ್ಳುವ ಗೆಳೆಯನಾಗಲಿ ಇಲ್ಲದವರಿಗೆ ಡೈರಿ ಕೂಡ ಅರ್ಧದಷ್ಟು ಸಾಕ್ಷಿಯಾಗಬಲ್ಲದು, ಎರಡು ಷರತ್ತಿನ ಮೇಲೆ: ಭಾವನೆಗಳಿಗಿಂತ ಹೆಚ್ಚಾಗಿ ಆಡಿದ ಮಾತು, ಮಾಡಿದ ಕೆಲಸ, ಕೊಟ್ಟ ದುಡ್ಡು ಬರೆದಿರಬೇಕು, ಬರೆದದ್ದನ್ನು ವರ್ಷ ಬಿಟ್ಟು ಓದಬೇಕು. ಬರೆದ ದಿನವೇ ಓದಿದರೆ ಬರೆದವನೂ ಓದುವವನೂ ಒಂದೇ ಪಕ್ಷದವರು.

ಕೊನೆಯದಾಗಿ, ಆತ್ಮಾವಲೋಕನವನ್ನು ಎಲ್ಲಿ ಕೇಳಲೇಬಾರದು ಎಂಬುದನ್ನೂ ಹೇಳಬೇಕು. ಹಾಸನದ ಆಲೂಗಡ್ಡೆ ಬೆಳೆಗಾರನನ್ನು ತೆಗೆದುಕೊಳ್ಳಿ. ಮುಂಗಾರಿನ ಹೊತ್ತಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಬಂದ ಬಿತ್ತನೆ ಗಡ್ಡೆಯನ್ನು ಎಪಿಎಂಸಿಯಲ್ಲಿ ಕೊಂಡು ನೆಡುತ್ತಾನೆ. ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ ಬರುತ್ತದೆ. ಎಲೆಯ ಅಂಚಿನಲ್ಲಿ ನೀರು ಹೀರಿದಂಥ ಕಲೆ ಕಂಡದ್ದು ಕೆಲವೇ ದಿನಗಳಲ್ಲಿ ಇಡೀ ಹೊಲವನ್ನು ಕರಿಕಾಗಿಸುತ್ತದೆ. ಹೀಗೆ ಪೆಟ್ಟು ತಿಂದು ತಿಂದು ಜಿಲ್ಲೆಯಲ್ಲಿ ಎಷ್ಟೋ ಜನ ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ, ಶುಂಠಿಗೆ ಹೋದರು. ಅಂಥವನಿಗೆ ‘ಎಲ್ಲಿ ತಪ್ಪಿದೆ ಎಂದು ನೀನೇ ಯೋಚನೆ ಮಾಡು’ ಎಂದರೆ ಅವನು ಯೋಚಿಸುತ್ತಾನೆ, ತಪ್ಪನ್ನೂ ಹುಡುಕಿಕೊಳ್ಳುತ್ತಾನೆ: ಎರಡು ದಿನ ಮೊದಲೇ ಔಷಧಿ ಹೊಡೆಯಬೇಕಿತ್ತು, ಸಾಲ ಮಾಡಬಾರದಿತ್ತು, ನನ್ನ ಹಣೆಬರಹವೇ ಇಷ್ಟು. ಗಡ್ಡೆಯೊಳಗೇ ರೋಗ ಬಂದಿತ್ತೇ ಎಂಬುದು ಅವನ ಮನಸ್ಸಿನಲ್ಲಿ ಹುಡುಕಿದರೆ ಸಿಗುವ ವಿಷಯವಲ್ಲ. ಗಮನಿಸಿ ನೋಡಿದರೆ ಈ ಉಪದೇಶ ಇಳಿಯುವುದೂ ಯಾವಾಗಲೂ ಮೇಲಿನಿಂದ ಕೆಳಕ್ಕೇ: ಅಧಿಕಾರಿಯಿಂದ ರೈತನಿಗೆ, ಮಾಲೀಕನಿಂದ ನೌಕರನಿಗೆ. ಅಕ್ಕಪಕ್ಕದ ಹತ್ತು ಹೊಲದವರು ಯಾವ ವ್ಯಾಪಾರಿಯ ಯಾವ ಲಾಟಿನ ಗಡ್ಡೆ ತಂದರು, ಯಾವ ತಾರೀಕು ನೆಟ್ಟರು, ಮಳೆ ಹಿಡಿದ ದಿನ ಯಾವುದು, ಔಷಧಿ ಹೊಡೆದದ್ದು ಎಂದು ಎಂಬ ಲೆಕ್ಕವನ್ನು ಒಂದೇ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದರೆ, ಅವನ ತಪ್ಪು ಎಷ್ಟು, ಬಿತ್ತನೆಯದು ಎಷ್ಟು, ಮಳೆಯದು ಎಷ್ಟು ಎಂಬುದು ಬೇರೆ ಬೇರೆಯಾಗಿ ಕಾಣತೊಡಗುತ್ತದೆ. ಅವನದೆಂದು ಉಳಿಯುವ ಪಾಲನ್ನು ಮುಂದಿನ ಮುಂಗಾರಿಗೆ ಅವನು ತಿದ್ದಿಕೊಳ್ಳಬಲ್ಲ.